ಸಂಘದ ಸಮಾಚಾರವೆಂಬ ಸಾಹಿತ್ಯ

ನಮ್ಮ ವಿಮರ್ಶಕರು ಕಾವ್ಯವನ್ನು ತೂಗಿದ್ದಾರೆ, ಕಾದಂಬರಿಯನ್ನು ಅಳೆದಿದ್ದಾರೆ, ಹರಟೆಗೂ ಪ್ರವಾಸಕಥನಕ್ಕೂ ಪಂಕ್ತಿಯಲ್ಲಿ ಎಲೆ ಹಾಕಿದ್ದಾರೆ. ಆದರೆ ಕನ್ನಡದಲ್ಲಿ ವರ್ಷವರ್ಷವೂ ರಾಶಿರಾಶಿಯಾಗಿ ಅಚ್ಚಾಗುತ್ತಿರುವ ಒಂದು ಬರವಣಿಗೆಯ ಕಡೆಗೆ ಯಾರೂ ಕಣ್ಣೆತ್ತಿ ನೋಡಿದಂತಿಲ್ಲ. ಹೊರನಾಡಿನ ಕನ್ನಡ ಸಂಘಗಳು ತಮ್ಮ ಸದಸ್ಯರಿಗಾಗಿ ಹೊರಡಿಸುವ ಮಾಸಪತ್ರಿಕೆ, ವಾರ್ತಾಪತ್ರ, ಸ್ಮರಣ ಸಂಚಿಕೆಗಳ ಮಾತು ನಾನು ಆಡುತ್ತಿರುವುದು. ಅವುಗಳಲ್ಲಿ ಬರುವ ಕವನ, ಕಥೆಗಳನ್ನಲ್ಲ; 'ಸಂಘದ ಸಮಾಚಾರ' ಎಂಬ ತಲೆಬರಹದ ಕೆಳಗೆ ಬರುವ ವರದಿಗಳನ್ನು, ನಿಧನ ವಾರ್ತೆಗಳನ್ನು, ದಾನಿಗಳ ಪಟ್ಟಿಯನ್ನು ಇಲ್ಲಿ ಸಾಹಿತ್ಯವೆಂದು ಓದಬೇಕೆಂದು ನನ್ನ ಬಯಕೆ.

ಅಫಜಲಪುರ ತಾಲ್ಲೂಕಿನ ಗೊಬ್ಬೂರಿನಲ್ಲಿ ಕುಳಿತವನಿಗೆ ಮುಂಬಯಿ, ದಿಲ್ಲಿ, ಅಮೆರಿಕೆಗಳ ಸಂಘಗಳ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮ ಸೀಮೆಯಿಂದ ಹೊರಗೆ ಹೋದವರು ಬಹಳ. ಓದಿ ಹೋದವರೂ ಉಂಟು, ಮಳೆ ಕೈಕೊಟ್ಟು ಹೋದವರೂ ಉಂಟು. ಓದಿ ಹೋದವರು ಹಬ್ಬಕ್ಕೋ ಮದುವೆಗೋ ಊರಿಗೆ ಬಂದಾಗ ಬಿಟ್ಟುಹೋದ ಸಂಚಿಕೆಗಳು ನನ್ನ ಕೈ ಸೇರುತ್ತ ಬಂದು ಈಗ ಒಂದು ಟ್ರಂಕು ತುಂಬಿದೆ. ಎರಡನೆಯ ಬಗೆಯವರು ಏನನ್ನೂ ತರುವುದಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಈ ಸಂಘಗಳೇನೂ ನಿನ್ನೆ ಮೊನ್ನೆಯವಲ್ಲ. ಮುಂಬಯಿಯ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಮೈಸೂರು ಅಸೋಸಿಯೇಷನ್ 1926ರದು, ಬಂಟರ ಸಂಘ 1927ರದು, ಬಿಲ್ಲವರ ಅಸೋಸಿಯೇಷನ್ 1932ರದು. ದಿಲ್ಲಿ ಕರ್ನಾಟಕ ಸಂಘಕ್ಕೆ 1948ರಿಂದ ಲೆಕ್ಕ. 'ಮೊಗವೀರ', 'ನೇಸರು', 'ಬಂಟರವಾಣಿ', 'ಅಕ್ಷಯ', 'ಅಭಿಮತ' ಎಂಬ ಹೆಸರುಗಳು ಬೆಂಗಳೂರಿನ ಓದುಗರಿಗೆ ಅಪರಿಚಿತವಾಗಿರಬಹುದು, ಆದರೆ ಮಾಟುಂಗದ ಒಂದು ಮನೆಯಲ್ಲಿ ಅವಕ್ಕೆ ಇರುವ ಆದರ ಹಲವು ಪ್ರಸಿದ್ಧ ಸಾಹಿತ್ಯ ಪತ್ರಿಕೆಗಳಿಗೂ ದೊರೆತಿರಲಾರದು. ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆ ತೊಳೆದ ಹುಡುಗರನ್ನು ರಾತ್ರಿಶಾಲೆಯಲ್ಲಿ ಕೂರಿಸಿ ಮೆಟ್ರಿಕ್ಕು ದಾಟಿಸಿದವು ಈ ಸಂಘಗಳೇ. ಬಿಲ್ಲವರು 1978ರಲ್ಲಿ ಭಾರತ್ ಸಹಕಾರಿ ಬ್ಯಾಂಕನ್ನೇ ಕಟ್ಟಿದರು. ಇಷ್ಟೆಲ್ಲ ಮಾಡಿದವರು ಅದನ್ನು ಹೇಗೆ ಬರೆದುಕೊಂಡಿದ್ದಾರೆ ಎಂದು ನೋಡಹೊರಟರೆ ಒಂದು ವಿಚಿತ್ರ ಎದುರಾಗುತ್ತದೆ.

ಮಹಾಕಾವ್ಯಕ್ಕೆ ಅಷ್ಟಾದಶ ವರ್ಣನೆ ಬೇಕೆಂದು ಲಾಕ್ಷಣಿಕರು ಹೇಳಿದ್ದರಷ್ಟೆ? ಸಂಘದ ವರದಿಗೂ ಅಂಥದೊಂದು ಕಟ್ಟಳೆಯಿದೆ. ಮೊದಲು ಪ್ರಾರ್ಥನೆ. ಬಳಿಕ ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಮುಖ್ಯ ಅತಿಥಿಗಳ ಪರಿಚಯ, ಅವರ ಭಾಷಣ, ಶಾಲು, ಹಾರ, ಫಲತಾಂಬೂಲ, ಅಧ್ಯಕ್ಷರ ಮಾತು, ಮಕ್ಕಳ ನೃತ್ಯ, ವಂದನಾರ್ಪಣೆ, ಕೊನೆಗೆ ಲಘು ಉಪಾಹಾರ. ಮಾಟುಂಗದಲ್ಲಾಗಲಿ, ಕ್ಯಾಲಿಫೋರ್ನಿಯದಲ್ಲಾಗಲಿ ಈ ಕ್ರಮ ತಪ್ಪುವುದಿಲ್ಲ. ಚಂದ್ರೋದಯ, ಜಲಕ್ರೀಡೆಗಳನ್ನು ಬಿಟ್ಟರೆ ಮಹಾಕಾವ್ಯವೇ ಸರಿ. ಕಟ್ಟಳೆಯಿರುವುದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಪಂಪನೂ ಕಟ್ಟಳೆಯೊಳಗೇ ಬರೆದ. ಆದರೆ ಕಟ್ಟಳೆಯೊಳಗೆ ಕವಿ ತಾನು ಕಂಡದ್ದನ್ನು ತುಂಬುತ್ತಾನೆ, ನಮ್ಮ ವರದಿಗಾರರಾದರೋ ಕಂಡದ್ದನ್ನು ಜಾಗರೂಕತೆಯಿಂದ ಹೊರಗಿಡುತ್ತಾರೆ. ಮುಖ್ಯ ಅತಿಥಿಗಳು 'ಮಾರ್ಮಿಕವಾಗಿ' ಮಾತನಾಡಿದರೆಂದು ತಿಳಿಯುತ್ತದೆ. ಏನು ಮಾತನಾಡಿದರೆಂದು ತಿಳಿಯುವುದಿಲ್ಲ. ಮಕ್ಕಳ ನೃತ್ಯ 'ಎಲ್ಲರ ಮನಸೂರೆಗೊಂಡಿತು'. ನಾನು ಓದಿದ ವರದಿಗಳಲ್ಲಿ ಮನಸೂರೆಗೊಳ್ಳದ ನೃತ್ಯವಾಗಲಿ, ಹೆಜ್ಜೆ ತಪ್ಪಿ ಅಳುತ್ತ ತಾಯಿಯ ಕಡೆಗೆ ಓಡಿದ ಮಗುವಾಗಲಿ ಒಂದೂ ಇಲ್ಲ.

ಇನ್ನು ಕ್ರಿಯಾಪದದ ವಿಚಾರ. ಈ ಬರವಣಿಗೆಯ ಜೀವಾಳವೂ ರೋಗವೂ ಅದೇ. 'ಸನ್ಮಾನಿಸಲಾಯಿತು', 'ಆಚರಿಸಲಾಯಿತು', 'ವಿತರಿಸಲಾಯಿತು', 'ಏರ್ಪಡಿಸಲಾಗಿತ್ತು'. ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಒಗ್ಗಿದ್ದಲ್ಲ ಎಂದು ನಮ್ಮ ಹಳೆಯ ಮೇಷ್ಟರುಗಳು ಹೇಳುತ್ತಿದ್ದರು. ಕಚೇರಿಯ ಕಾಗದಪತ್ರಗಳಿಂದ ಅದು ನಮ್ಮ ನುಡಿಗೆ ಇಳಿದು ಬಂದಿದೆ. ಮಾಡಿದವನ ಹೊಣೆಯನ್ನು ಮರೆಸುವುದಕ್ಕೆ ಕಚೇರಿಗೆ ಅದರಿಂದ ಅನುಕೂಲವುಂಟು. ಸಂಘದ ವರದಿಯಲ್ಲಿ ಅದು ಮರೆಸುವುದು ಹೊಣೆಯನ್ನಲ್ಲ, ದುಡಿಮೆಯನ್ನು. 'ರುಚಿಕರವಾದ ಭೋಜನವನ್ನು ಏರ್ಪಡಿಸಲಾಗಿತ್ತು' ಎಂಬ ವಾಕ್ಯವನ್ನು ನೋಡಿ. ಇನ್ನೂರು ಜನಕ್ಕೆ ಬಿಸಿಬೇಳೆ ಭಾತು ತಾನಾಗಿ ಬೇಯಲಿಲ್ಲ. ಹಿಂದಿನ ರಾತ್ರಿಯೇ ಐದಾರು ಮನೆಗಳ ಹೆಂಗಸರು ಹುಣಿಸೆ ನೆನೆಹಾಕಿ, ಮಸಾಲೆ ಹುರಿದು, ಬೆಳಿಗ್ಗೆ ಮಕ್ಕಳಿಗೆ ಸೀರೆ ಉಡಿಸಿ, ಪಾತ್ರೆಗಳನ್ನು ಗಾಡಿಯಲ್ಲಿ ಹೊತ್ತು ತಂದಿರುತ್ತಾರೆ. ಇದು ಸಂಘವನ್ನು ಕಂಡ ಎಲ್ಲರಿಗೂ ಗೊತ್ತು. ಆ ವಾಕ್ಯಕ್ಕೆ ಮಾತ್ರ ಗೊತ್ತಿಲ್ಲ. ಶಾಲು ಹೊದ್ದವರ ಹೆಸರು ಬಿರುದುಗಳ ಸಮೇತ ಬರುತ್ತದೆ. ಭಾತು ಬೇಯಿಸಿದವರು '-ಲಾಗಿತ್ತು' ಎಂಬ ಪ್ರತ್ಯಯದೊಳಗೆ ಕರಗಿಹೋಗುತ್ತಾರೆ.

ನಮ್ಮ ಹಿರಿಯರು ಹೀಗಿರಲಿಲ್ಲ ಎನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಕಲ್ಲಿನ ಸಾಕ್ಷಿಯಿದೆ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. ಅಲ್ಲಿಯ 1058ರ ಶಾಸನ ಕಲಿಸುವವರನ್ನೂ ಕಲಿಯುವವರನ್ನೂ ಹೇಳಿ ಅಷ್ಟಕ್ಕೇ ನಿಲ್ಲುವುದಿಲ್ಲ. ಪುಸ್ತಕ ಕಾಯುವ ಸರಸ್ವತೀ ಭಂಡಾರಿಗರನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಶಾಸನವೂ ಒಂದು ಬಗೆಯ ಸಂಘದ ಸಮಾಚಾರವೇ ಅಲ್ಲವೆ? ಯಾರು ಕೊಟ್ಟರು, ಎಷ್ಟು ಕೊಟ್ಟರು, ಯಾರ ಪಾಲಿಗೆ ಎಷ್ಟು ಎಂಬುದೇ ಅದರ ಹೂರಣ. ಸ್ಮರಣ ಸಂಚಿಕೆಯ ಕೊನೆಯ ಪುಟಗಳಲ್ಲಿ ಬರುವ ದಾನಿಗಳ ಪಟ್ಟಿಯನ್ನು ಓದುವಾಗಲೆಲ್ಲ ನನಗೆ ದಾನಶಾಸನ ನೆನಪಾಗುತ್ತದೆ; ಅಳಿದವನಿಗೆ ಕವಿಲೆಯನ್ನು ಕೊಂದ ಪಾಪ ಎಂಬ ಶಾಪವೊಂದು ಇಲ್ಲ, ಅಷ್ಟೆ. ಅದನ್ನೂ ಸೇರಿಸಿದರೆ ಖಜಾಂಚಿಗಳಿಗೆ ಉಪಕಾರವಾದೀತು.

ಅಮೆರಿಕೆಯ ಕೂಟಗಳಿಗೆ ಹೆಸರಿಡುವುದರಲ್ಲಿ ಮಾತ್ರ ಒಳ್ಳೆಯ ಅಭಿರುಚಿಯಿದೆಯೆಂದು ಒಪ್ಪಬೇಕು. ವಾಷಿಂಗ್ಟನ್ನಿನವರದು ಕಾವೇರಿ, ಡೆಟ್ರಾಯಿಟಿನ ಕಡೆಯವರದು ಪಂಪ, ಚಿಕಾಗೋದವರದು ವಿದ್ಯಾರಣ್ಯ, ಅಟ್ಲಾಂಟದವರದು ನೃಪತುಂಗ. ಈ ಕೊನೆಯ ಹೆಸರು ನನ್ನನ್ನು ಸ್ವಲ್ಪ ಹೊತ್ತು ಹಿಡಿದು ನಿಲ್ಲಿಸಿತು. ನೃಪತುಂಗನ ರಾಜಧಾನಿ ಮಾನ್ಯಖೇಟ, ಎಂದರೆ ಈಗಿನ ಮಳಖೇಡ, ಇರುವುದು ನಮ್ಮ ಕಲಬುರಗಿ ಜಿಲ್ಲೆಯಲ್ಲೇ. 1948ರವರೆಗೆ ನಾವು ನಿಜಾಮರ ಆಳಿಕೆಯಲ್ಲಿದ್ದೆವು. 1956ರವರೆಗೆ ನಮ್ಮ ರಾಜಧಾನಿ ಹೈದರಾಬಾದು. ಅಲ್ಲಿ ಕನ್ನಡ ಮಕ್ಕಳಿಗೆ ತೆರೆದ ಶಾಲೆಗೂ ಇದೇ ದೊರೆಯ ಹೆಸರು. ಉರ್ದುವಿನ ನಡುವೆ ಕನ್ನಡ ಓದಲು ಆಸರೆಯಾದ ಹೆಸರೇ ಇಂಗ್ಲಿಷಿನ ನಡುವೆಯೂ ಆಸರೆಯಾಗಿದೆ. ಮಳಖೇಡದಲ್ಲಿ ಈಗ ಉಳಿದಿರುವುದು ಪಾಳುಕೋಟೆ, ಬಸದಿ, ಸಿಮೆಂಟಿನ ಕಾರ್ಖಾನೆ. ಇರಲಿ.

ಸಂಚಿಕೆಗಳ ಕವನಗಳ ವಿಷಯ ಹೆಚ್ಚು ಹೇಳಲಾರೆ. ತಾಯ್ನಾಡಿನ ನೆನಪು ಅಲ್ಲಿ ಯಾವಾಗಲೂ ಮಲ್ಲಿಗೆಯ ಕಂಪು, ಮಲೆನಾಡಿನ ಸೋನೆಮಳೆ. ಬಯಲುಸೀಮೆಯಿಂದ ಹೋದವನೂ ಕವನ ಬರೆಯಕೂತರೆ ಆಗುಂಬೆಯವನಾಗಿಬಿಡುತ್ತಾನೆ. ತೊಗರಿಹೊಲ, ಎರೆಮಣ್ಣು, ಭೀಮೆಯ ಬತ್ತಿದ ಪಾತ್ರ ಯಾರ ನೆನಪಿಗೂ ಬಂದಂತಿಲ್ಲ. ಆದರೂ 1980ರ ದಶಕದಲ್ಲಿ ಶಿಕಾರಿಪುರ ಹರಿಹರೇಶ್ವರ ದಂಪತಿಗಳು ಅಮೆರಿಕೆಯಲ್ಲಿ ಕುಳಿತು 'ಅಮೆರಿಕನ್ನಡ'ವೆಂಬ ಪತ್ರಿಕೆಯನ್ನು ನಡೆಸಿದ ಸಾಹಸವನ್ನು ನೆನೆಯದೆ ಮುಂದೆ ಹೋಗುವುದು ಕೃತಘ್ನತೆಯಾದೀತು.

ಹಾಗಾದರೆ ಈ ರಾಶಿಯಲ್ಲಿ ಕಾಳು ಯಾವುದು? ನಿಧನ ವಾರ್ತೆ. 'ನಮ್ಮನ್ನಗಲಿದವರು' ಎಂಬ ಅಂಕಣದ ಆರೇಳು ಸಾಲುಗಳು. ಇಂಥ ಊರಿನಲ್ಲಿ ಹುಟ್ಟಿದರು, ಇಷ್ಟನೆಯ ವಯಸ್ಸಿಗೆ ಮುಂಬಯಿಗೆ ಬಂದರು, ಮೊದಲು ಯಾರದೋ ಕ್ಯಾಂಟೀನಿನಲ್ಲಿದ್ದರು, ರಾತ್ರಿ ಓದಿದರು, ಗೋದಿಯಲ್ಲೋ ಗಿರಣಿಯಲ್ಲೋ ಕಾರಕೂನರಾದರು, ತಮ್ಮಂದಿರನ್ನು ಕರೆಸಿಕೊಂಡರು, ಸಂಘದ ನಾಟಕದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು, ಪತ್ನಿ ಹಾಗೂ ಇಷ್ಟು ಮಕ್ಕಳನ್ನು ಅಗಲಿದ್ದಾರೆ. ಇಲ್ಲಿ ವಿಶೇಷಣಕ್ಕೆ ಜಾಗವಿಲ್ಲ. ಬಂದರು, ಇದ್ದರು, ಓದಿದರು, ಕರೆಸಿಕೊಂಡರು: ಕರ್ತರಿ ಪ್ರಯೋಗ ತಾನಾಗಿ ಹಿಂದಿರುಗಿದೆ. ಸತ್ತ ಮೇಲಾದರೂ ನಮ್ಮ ವರದಿಗಾರ ಮನುಷ್ಯನನ್ನು ವಾಕ್ಯದ ಕರ್ತನನ್ನಾಗಿ ಮಾಡುತ್ತಾನೆ. ಒಂದು ಶತಮಾನದ ವಲಸೆಯ ಚರಿತ್ರೆ ಈ ಅಂಕಣಗಳಲ್ಲಿ ಹರಡಿ ಬಿದ್ದಿದೆ, ಆಯ್ದುಕೊಂಡವರಿಲ್ಲ. ಹೆಂಗಸರ ನಿಧನ ವಾರ್ತೆಗಳು ಮಾತ್ರ ಇಲ್ಲಿಯೂ ಸೊರಗಿವೆ. ಇಂಥವರ ಧರ್ಮಪತ್ನಿ, ಇಂಥವರ ತಾಯಿ, ಧರ್ಮಭೀರು, ಮುಗಿಯಿತು. ಆಕೆ ಮುಂಬಯಿಗೆ ಬಂದ ವರ್ಷ ಯಾವುದೆಂದು ಸಹ ಬರೆಯುವುದಿಲ್ಲ.

ಸಾವಿನ ಸುದ್ದಿಯೇ ಏಕೆ ಇಷ್ಟು ಚೊಕ್ಕವಾಗಿ ಬರುತ್ತದೆ? ಅದಕ್ಕೆ ಬೇರೆ ದೇಶದ ಒಂದು ಸಂಗತಿಯಿಂದ ಬೆಳಕು ಬೀಳುತ್ತದೆ. 1886ರಲ್ಲಿ ಅಮೆರಿಕೆಯ ಪೆನ್ಸಿಲ್ವೇನಿಯದ ಹೇಝಲ್‌ಟನ್ ಎಂಬ ಗಣಿಯೂರಿನಲ್ಲಿ ಹಂಗೆರಿಯಿಂದ ಬಂದ ಹದಿಮೂರು ಕಲ್ಲಿದ್ದಲು ಕಾರ್ಮಿಕರು ವೆರ್ಹೋವಾಯ್ ಎಂಬ ಹೆಸರಿನಲ್ಲಿ ಒಂದು ಸಹಾಯಕ ಸಂಘ ಕಟ್ಟಿಕೊಂಡರು. ತಿಂಗಳ ವಂತಿಗೆ ಕೂಡಿಸಿ, ಕಾಯಿಲೆ ಬಿದ್ದವನಿಗೆ ಕೊಡುವುದು. ಸತ್ತರೆ ಮಣ್ಣು ಮಾಡುವ ಖರ್ಚು ನೋಡಿ ಹೆಂಡತಿ ಮಕ್ಕಳ ಕೈಗೆ ನಾಲ್ಕು ಕಾಸು ಹಾಕುವುದು. 1955ರಲ್ಲಿ ಅದು ಇನ್ನೊಂದು ಹಂಗೆರಿಯನ್ ಸಂಘದೊಡನೆ ಕೂಡಿ ವಿಲಿಯಂ ಪೆನ್ ಎಂಬ ಹೆಸರು ಪಡೆಯಿತು. ಈಗ ಅದರ ಪತ್ರಿಕೆ ಇಂಗ್ಲಿಷಿನಲ್ಲಿ ಬರುತ್ತದೆ. ಬೌಲಿಂಗು, ಗಾಲ್ಫು ಪಂದ್ಯಗಳು, ವಿದ್ಯಾರ್ಥಿವೇತನ ಅಲ್ಲಿಯ ಸುದ್ದಿ. ಆದರೆ ಇಂಥ ಸಂಘಗಳ ಸಮಾಚಾರ ಹುಟ್ಟಿದ್ದು ಲೆಕ್ಕಪತ್ರವಾಗಿ. ಸದಸ್ಯ ಸತ್ತನೆಂದು ಬರೆಯದಿದ್ದರೆ ಹಣ ಕೊಡುವಂತಿಲ್ಲ, ಹೆಸರು ತಪ್ಪಿ ಬರೆದರೆ ವಿಧವೆಗೆ ತೊಂದರೆ. ಹೊಣೆಯಿದ್ದಲ್ಲಿ ಗದ್ಯ ತಾನಾಗಿ ನೆಟ್ಟಗಾಗುತ್ತದೆ. ನಮ್ಮ ನಿಧನ ವಾರ್ತೆಗಳಲ್ಲಿ ಆ ಹೊಣೆಯ ಅಂಶ ಉಳಿದಿದೆ. ಸನ್ಮಾನದ ವರದಿಯಲ್ಲಿ ಯಾರಿಗೂ ಯಾವ ಹೊಣೆಯೂ ಇಲ್ಲ.

ಹೊರನಾಡಿನ ಬಾಳಿನ ಒಳಗನ್ನು ಬರೆಯುವುದಕ್ಕೆ ಸಂಘದ ಪತ್ರಿಕೆ ಏಕೆ, ಕಾದಂಬರಿಕಾರರಿದ್ದಾರಲ್ಲ ಎಂದರೆ, ಇದ್ದಾರೆ. ವ್ಯಾಸರಾಯ ಬಲ್ಲಾಳರ 'ಬಂಡಾಯ'ದಲ್ಲಿ ಮುಂಬಯಿಯ ಕಾರ್ಮಿಕರ ಹೋರಾಟವಿದೆ. ಯಶವಂತ ಚಿತ್ತಾಲರ 1979ರ 'ಶಿಕಾರಿ'ಯಲ್ಲಿ ನೌಕರಿಯ ಸಂಚಿಗೆ ಸಿಕ್ಕ ನಾಗಪ್ಪ ಆ ನಗರದಲ್ಲಿ ಒಬ್ಬಂಟಿಯಾಗಿ ನಡುಗುತ್ತಾನೆ. ಇಷ್ಟೊಂದು ಕನ್ನಡ ಸಂಘಗಳಿರುವ ಊರಿನಲ್ಲಿ ನಾಗಪ್ಪನಿಗೆ ಯಾವ ಸಂಘವೂ ಆಸರೆಯಾಗುವುದಿಲ್ಲ. ಸಂಘದ ಪತ್ರಿಕೆಗಳ ಪುಟದಲ್ಲಿ ನಾಗಪ್ಪನಂಥವನ ಸುಳಿವೂ ಇಲ್ಲ. ಎರಡನ್ನೂ ಒಟ್ಟಿಗೆ ಓದಿದವನಿಗೆ ಇವು ಒಂದೇ ನಗರದ ಮಾತೇ ಎಂಬ ಸಂದೇಹ ಬರುತ್ತದೆ. ಭಯವನ್ನು ಬರೆಯುವ ಕೆಲಸ ಕಾದಂಬರಿಯದೇ ಇರಬಹುದು. ಆದರೆ ಕೆಲಸ ಕಳೆದುಕೊಂಡವನಿಗೆ ಸಂಘ ಏನು ಮಾಡಿತು, ಮಾಡದಿದ್ದರೆ ಏಕೆ ಮಾಡಲಿಲ್ಲ ಎಂದು ಬರೆಯುವುದು ಸಂಘದ ಪತ್ರಿಕೆಯದೇ ಕೆಲಸ. ಹಂಗೆರಿಯ ಗಣಿಕೆಲಸದವರು ಸೇರಿದ್ದೇ ಅದಕ್ಕಾಗಿ.

ಇನ್ನು, ಮಳೆ ಕೈಕೊಟ್ಟು ಹೋದವರು. ಸುಗ್ಗಿ ಮುಗಿದ ಮೇಲೆ ನಮ್ಮ ತಾಲ್ಲೂಕಿನಿಂದಲೂ ನೆರೆಯ ಆಳಂದ, ಜೇವರ್ಗಿಗಳಿಂದಲೂ ಸೊಲ್ಲಾಪುರದ ದಾರಿ ಹಿಡಿದು ಪುಣೆ, ಮುಂಬಯಿಗೆ ಗಾರೆ ಕೆಲಸಕ್ಕೆ ಹೋಗುವ ಸಂಸಾರಗಳಿವೆ. ಅವರೂ ಹೊರನಾಡ ಕನ್ನಡಿಗರೇ. ಅಲ್ಲಿ ಅವರು ಕಟ್ಟುವ ಮಾಳಿಗೆಗಳ ಪೈಕಿ ಯಾವುದರಲ್ಲಾದರೂ ಯಾವುದಾದರೊಂದು ಕನ್ನಡ ಸಂಘದ ಪದಾಧಿಕಾರಿಗಳ ಮನೆಯಿದ್ದರೂ ಇದ್ದೀತು. ಆದರೆ ನನ್ನ ಟ್ರಂಕಿನಲ್ಲಿರುವ ಯಾವ ಸಂಚಿಕೆಯಲ್ಲೂ ಸಾರುವೆಯಿಂದ ಬಿದ್ದು ಸತ್ತ ಗಾರೆಕೆಲಸದವನ ಹೆಸರು 'ನಮ್ಮನ್ನಗಲಿದವರು' ಅಂಕಣಕ್ಕೆ ಬಂದದ್ದನ್ನು ಕಾಣೆ. ಆತ ವಂತಿಗೆ ಕೊಟ್ಟ ಸದಸ್ಯನಲ್ಲ ಎಂಬ ಉತ್ತರ ನಿಯಮದ ಪ್ರಕಾರ ಸರಿ. ಸಂಪಾದಕರಿಗೆ ನನ್ನದೊಂದು ಸಲಹೆ: ಒಂದು ಸಂಚಿಕೆಯ ಶಾಲುಗಳ ಚಿತ್ರ ಬಿಟ್ಟು ಆ ಜಾಗವನ್ನು ಇಂಥವರ ಆರು ಸಾಲಿಗೆ ಕೊಡಿ. ಹೆಸರು, ಹುಟ್ಟಿದೂರು, ಬಂದ ವರ್ಷ, ಮಾಡಿದ ಕೆಲಸ. ನಿಮ್ಮ ಬರಹಗಾರರಿಗೆ ಈ ಗದ್ಯ ಆಗಲೇ ಕೈಗೂಡಿದೆ.

ಅವರ ಸಮಾಚಾರ ಬರೆದಿರುವ ಪುಸ್ತಕ ಒಂದೇ ಒಂದನ್ನು ನಾನು ನೋಡಿದ್ದೇನೆ, ಅದು ಅಚ್ಚಾದದ್ದಲ್ಲ. 2000ದ ಸುಮಾರಿಗೆ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಹಳ್ಳಿಗಳಲ್ಲಿ ಹೆಂಗಸರ ಉಳಿತಾಯ ಸಂಘಗಳು ಎದ್ದವು. ಪ್ರತಿ ಸಂಘಕ್ಕೂ ಒಂದು ಠರಾವು ಪುಸ್ತಕ. ವಾರಕ್ಕೊಮ್ಮೆ ಕೂತು, ಓದುಬಲ್ಲ ಒಬ್ಬಾಕೆ ಬರೆಯುವುದು, ಉಳಿದವರು ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತುವುದು. ನಮ್ಮ ಊರ ಕಡೆಯ ಅಂಥ ಒಂದು ಪುಸ್ತಕವನ್ನು ಬ್ಯಾಂಕಿನ ಕಾಗದ ಓದಿಸಿಕೊಳ್ಳಲು ಬಂದವರು ನನ್ನ ಮುಂದಿಟ್ಟಿದ್ದರು. ಪ್ರಾರ್ಥನೆ, ಸ್ವಾಗತ ಅದರಲ್ಲೂ ಇದೆ, ಮೇಲಿನವರು ಕಲಿಸಿಕೊಟ್ಟ ಪಾಠ. ಸಾಲದ ಪುಟಕ್ಕೆ ಬಂದರೆ ಭಾಷೆಯೇ ಬೇರೆ. ಯಾರು ತಗೊಂಡಳು, ಎಷ್ಟು, ಯಾತಕ್ಕೆ: ಬೀಜಕ್ಕೆ, ಮಗಳ ಬಾಣಂತನಕ್ಕೆ, ಗಂಡನ ದವಾಖಾನೆಗೆ, ಮಣ್ಣಿಗೆ ಹೋಗಿಬರಲು ಬಸ್ ಚಾರ್ಜಿಗೆ. ಹಾಜರಿಯ ಪುಟದಲ್ಲಿ ಗೈರುಹಾಜರಾದವರ ಹೆಸರಿನ ಎದುರಿಗೆ ಕಾರಣ ಬರೆಯಲು ಒಂದು ಕಿರಿದಾದ ಮನೆಯಿದೆ. ದಸರೆ ದಾಟಿದ ಮೇಲಿನ ಪುಟಗಳಲ್ಲಿ ಆ ಮನೆಯ ತುಂಬ ಒಂದೇ ಕೈಬರಹ, ಸಾಲಿನ ಮೇಲೆ ಸಾಲು: ಪುಣೆಕ್ಕ ಹೋಗ್ಯಾಳ, ಪುಣೆಕ್ಕ ಹೋಗ್ಯಾಳ, ಮುಂಬಯಿಕ್ಕ ಹೋಗ್ಯಾಳ, ಬಂದಿಲ್ಲ.