ನಾತಾನನಿಲ್ಲದ ದಾವೀದ

ಬೈಬಲ್ಲಿನ ಎರಡು ಕಥೆಗಳು ನಮ್ಮ ಐಟಿ ಮಂದಿಗೆ ಚೆನ್ನಾಗಿ ಗೊತ್ತು, ಚರ್ಚಿನ ಮೆಟ್ಟಿಲು ಹತ್ತದವರಿಗೂ ಗೊತ್ತು. ಒಂದು, ಕವಣೆಕಲ್ಲು ಬೀಸಿ ಗೊಲ್ಯಾತನನ್ನು ಕೆಡವಿದ ದಾವೀದನದು. ಪುಟ್ಟ ಸ್ಟಾರ್ಟಪ್ಪು ದೊಡ್ಡ ಕಂಪನಿಯ ಎದುರು ನಿಂತಾಗಲೆಲ್ಲ ಇದು ಸ್ಲೈಡಿನಲ್ಲಿ ಬಂದೇ ಬರುತ್ತೆ. ಇನ್ನೊಂದು, ಯೇಸು ಶಿಷ್ಯರ ಕಾಲು ತೊಳೆದದ್ದು. ನಾಯಕ ಅಂದರೆ ಸೇವಕ ಅಂತ ಹೇಳಿಕೊಡುವ ಟ್ರೇನಿಂಗುಗಳಲ್ಲಿ ಇದಕ್ಕೆ ಖಾಯಂ ಜಾಗ.

'ಸರ್ವೆಂಟ್ ಲೀಡರ್' ಅನ್ನೋ ಮಾತನ್ನು ಮ್ಯಾನೇಜ್‌ಮೆಂಟಿಗೆ ತಂದವರು ರಾಬರ್ಟ್ ಗ್ರೀನ್‌ಲೀಫ್. ಅಮೆರಿಕದ ಎಟಿ ಅಂಡ್ ಟಿ ಕಂಪನಿಯಲ್ಲಿ ದುಡಿದು ನಿವೃತ್ತರಾದ ಮೇಲೆ, 1970ರಲ್ಲಿ ಬರೆದ ಪ್ರಬಂಧದಲ್ಲಿ. ಅಲ್ಲಿಂದ ಅದು ಚರ್ಚಿನ ನಾಯಕತ್ವದ ಪುಸ್ತಕಗಳಿಗೂ ಹೋಯಿತು, ನಮ್ಮ ಸ್ಕ್ರಮ್ಮಿಗೂ ಬಂತು. 2017ರ ಸ್ಕ್ರಮ್ ಗೈಡ್ ಸ್ಕ್ರಮ್ ಮಾಸ್ಟರನ್ನು ಹಾಗೇ ಕರೆದಿತ್ತು. 2020ರ ಆವೃತ್ತಿಯಲ್ಲಿ ಮಾತು ಬದಲಾಯಿತು. ಈ ಪುಸ್ತಕಗಳು ಮತ್ತೆ ಮತ್ತೆ ಹೇಳೋದು ಒಂದೇ: ಎಲ್ಲಾ ಹೃದಯದಲ್ಲಿದೆ. ಹೃದಯ ಸರಿಯಿದ್ದರೆ ನಾಯಕತ್ವ ತಾನಾಗೇ ಸರಿಹೋಗುತ್ತೆ.

ನನ್ನ ತಕರಾರು ಇಲ್ಲೇ ಇರೋದು. ದಾವೀದನ ಕಥೆಯನ್ನು ಇವರು ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ.

ಪೂರ್ತಿ ಕಥೆ ಹೀಗಿದೆ. ರಾಜನನ್ನು ಆರಿಸಲು ಸಮುವೇಲ ಬೆತ್ಲೆಹೇಮಿನ ಇಷಯನ ಮನೆಗೆ ಹೋದಾಗ ಎತ್ತರದ ನಿಲುವಿನ ಹಿರಿಮಗನನ್ನು ನೋಡಿ ಮಾರುಹೋಗುತ್ತಾನೆ. ದೇವರು ಒಪ್ಪೋದಿಲ್ಲ, ನಾನು ನೋಡೋದು ಮೈಕಟ್ಟಲ್ಲ ಅನ್ನುತ್ತಾನೆ. ಕುರಿ ಕಾಯಲು ಹೋಗಿದ್ದ ಕಿರಿಮಗ ದಾವೀದ ಹೃದಯ ನೋಡಿ ಆಯ್ಕೆಯಾದವನು. ಸಾಮಾನ್ಯವಾಗಿ ಸ್ಲೈಡು ಇಲ್ಲಿಗೆ ಮುಗಿಯುತ್ತೆ. ಆದರೆ ಇದೇ ದಾವೀದ ರಾಜನಾದ ಮೇಲೆ ತನ್ನ ಸೈನಿಕ ಊರೀಯನ ಹೆಂಡತಿ ಬತ್ಷೆಬೆಯನ್ನು ಅರಮನೆಗೆ ಕರೆಸಿಕೊಳ್ಳುತ್ತಾನೆ. ವಿಷಯ ಮುಚ್ಚಿಡಲು ಊರೀಯನನ್ನು ಯುದ್ಧದ ಮುಂಚೂಣಿಗೆ ನಿಲ್ಲಿಸಿ ಸಾಯಿಸುತ್ತಾನೆ. ದೇವರೇ ಹೃದಯ ನೋಡಿ ಆರಿಸಿದ್ದವನ ಗತಿ ಇದು!

ಆಗ ನಾತಾನ ಬರುತ್ತಾನೆ. ನೇರವಾಗಿ ಬೈಯೋದಿಲ್ಲ, ಒಂದು ಕಥೆ ಹೇಳುತ್ತಾನೆ. ಒಬ್ಬ ಸಾಹುಕಾರನಿಗೆ ಬೇಕಾದಷ್ಟು ಕುರಿ, ದನ. ಪಕ್ಕದ ಬಡವನಿಗೆ ಇರೋದು ಒಂದೇ ಹೆಣ್ಣು ಕುರಿಮರಿ, ಮಗಳ ಹಾಗೆ ಸಾಕಿದ್ದು. ಸಾಹುಕಾರನ ಮನೆಗೆ ನೆಂಟ ಬಂದಾಗ ಅವನು ತನ್ನ ಹಿಂಡು ಮುಟ್ಟದೆ ಬಡವನ ಮರಿಯನ್ನು ಹಿಡಿದು ಅಡುಗೆ ಮಾಡಿಸುತ್ತಾನೆ. ಯಾರವನು ಅಂತ ದಾವೀದ ಸಿಟ್ಟಿಗೇಳುತ್ತಾನೆ. ನೀನೇ ಅಂತಾನೆ ನಾತಾನ.

ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆ ಈ ಕಥೆಗೆ ವ್ಯಾಖ್ಯಾನ ಬೇಕಿಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕೆ ಅಂತ ಕುರಿ ನಿಲ್ಲಿಸಿ, ರಾತ್ರಿಯೆಲ್ಲ ಕಂಬಳಿ ಹೊದ್ದು ಕಾಯುವವರನ್ನು ನೋಡುತ್ತಾ ಬೆಳೆದವನು ನಾನು. ಆಗಷ್ಟೇ ಹುಟ್ಟಿದ ಮರಿ ಹೆಗಲ ಮೇಲೆ, ಹಿಂಡು ಮುಂದೆ. ಚರ್ಚಿನ 'ಪಾಸ್ಟರ್' ಅನ್ನೋ ಪದದ ಮೂಲ ಅರ್ಥವೂ ಕುರಿ ಕಾಯುವವನು ಅಂತಲೇ. ನಮ್ಮೂರಲ್ಲಿ ಕುರಿ ಕಾಯುವವನ ಹೃದಯ ಹೇಗಿದೆ ಅಂತ ಯಾರೂ ಕೇಳೋದಿಲ್ಲ. ಸಂಜೆ ಹಿಂಡು ಎಣಿಸಿ ನೋಡುತ್ತಾರೆ. "ಎಷ್ಟು ಅದಾವಪ್ಪ?" ಅಷ್ಟೇ ಪ್ರಶ್ನೆ.

ಬೈಬಲ್ಲಿನ ಹೀಬ್ರೂ ಭಾಷೆಯಲ್ಲಿ ಹೃದಯಕ್ಕೆ 'ಲೇವ್' ಅಂತಾರೆ. ಅದು ಬರೀ ಭಾವನೆಯ ಜಾಗ ಅಲ್ಲ, ಯೋಚಿಸಿ ತೀರ್ಮಾನ ಮಾಡುವ ಜಾಗವೂ ಹೌದು. ನಮ್ಮ ಕಡೆ ಮರುಕಕ್ಕೆ 'ಕರುಳು' ಅಂತೀವಿ, ತೀರ್ಮಾನ ಕಾಣೋದಕ್ಕೆ 'ನಡತೆ' ಅಂತೀವಿ. ನಾಯಕತ್ವದ ಪುಸ್ತಕಗಳು ಎರಡನ್ನೂ ಕಲಸಿ, ಕರುಳಿದ್ದವನಿಗೆ ನಡತೆ ಇದ್ದೇ ಇರುತ್ತೆ ಅಂತ ನಂಬಿಸುತ್ತವೆ. ಹಾಗೆ ನಂಬಿದರೆ ಏನಾಗುತ್ತೆ ಅನ್ನೋದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ.

ಜಾನ್ ವಾನಿಯೇ 1964ರಲ್ಲಿ ಫ್ರಾನ್ಸಿನಲ್ಲಿ 'ಲಾರ್ಶ್' ಶುರುಮಾಡಿದರು. ಬುದ್ಧಿಮಾಂದ್ಯರು ಮತ್ತು ಇತರರು ಒಂದೇ ಸೂರಿನಡಿ ಬದುಕುವ ಮನೆಗಳು ಅವು. ಭಾರತದ ಮೊದಲ ಮನೆ, ಆಶಾ ನಿಕೇತನ, 1970ರಲ್ಲಿ ಬೆಂಗಳೂರಿನಲ್ಲೇ ತೆರೆಯಿತು. ಹೃದಯದ ಬಗ್ಗೆ ಅವರಷ್ಟು ಬರೆದ ಕ್ರೈಸ್ತ ನಾಯಕರು ಕಡಿಮೆ. ಒಬ್ಬರ ಕಾಲು ಒಬ್ಬರು ತೊಳೆಯೋದು ಆ ಮನೆಗಳ ಆಚರಣೆಯೂ ಹೌದು. 2019ರಲ್ಲಿ ಅವರು ತೀರಿಕೊಂಡರು. 2020ರ ಫೆಬ್ರವರಿಯಲ್ಲಿ ಸಂಸ್ಥೆಯೇ ಪ್ರಕಟಿಸಿದ ತನಿಖೆಯಲ್ಲಿ, ಆಧ್ಯಾತ್ಮಿಕ ಮಾರ್ಗದರ್ಶನದ ಹೆಸರಲ್ಲಿ ಅವರು ಆರು ಹೆಂಗಸರನ್ನು ಲೈಂಗಿಕವಾಗಿ ಬಳಸಿಕೊಂಡಿದ್ದರು ಅಂತ ಬಯಲಾಯಿತು. 2023ರ ವರದಿಯಲ್ಲಿ ಆ ಸಂಖ್ಯೆ 25ಕ್ಕೆ ಏರಿತು.

ಚೆನ್ನೈನಲ್ಲಿ ಹುಟ್ಟಿ ಜಗತ್ತಿನ ತುಂಬ ಭಾಷಣ ಮಾಡಿದ ರವಿ ಜಕಾರಿಯಾಸ್ ಅವರದೂ ಇದೇ ಕಥೆ. 2020ರಲ್ಲಿ ಅವರು ಸತ್ತ ಮೇಲೆ ಆರೋಪಗಳು ಬಂದಾಗ ಅವರ ಸಂಸ್ಥೆ ಮೊದಲು ನಂಬಲಿಲ್ಲ. 2021ರ ಫೆಬ್ರವರಿಯಲ್ಲಿ ವಕೀಲರ ತನಿಖಾ ವರದಿ ಕೈಗೆ ಬಂದ ಮೇಲೆ ಕ್ಷಮೆ ಕೇಳಿತು.

ಇಬ್ಬರಿಗೂ ಕರುಳೇ ಇರಲಿಲ್ಲ ಅಂತ ನಾನು ಹೇಳೋದಿಲ್ಲ. ವಾನಿಯೇ ಕಟ್ಟಿದ ಮನೆಗಳಲ್ಲಿ ಸಾವಿರಾರು ಜನ ಮರ್ಯಾದೆಯಿಂದ ಬದುಕಿದ್ದು ಸುಳ್ಳಲ್ಲ. ಆದರೆ "ಅಂಥವರು ಹಾಗೆ ಮಾಡ್ತಾರಾ?" ಅನ್ನೋ ಮಾತು ಹುಟ್ಟೋದೇ ಆ ಒಳ್ಳೆಯ ಹೆಸರಿನಿಂದ. ದೂರು ತಂದ ಹೆಂಗಸರ ಬಾಯಿ ಮುಚ್ಚಿಸೋದೂ ಅದೇ ಮಾತು. ಹೃದಯವನ್ನು ಯಾರೂ ತೆಗೆದು ಪರೀಕ್ಷಿಸೋಕಾಗಲ್ಲ. ನಡತೆಯನ್ನು ಪರೀಕ್ಷಿಸಬಹುದು, ಆದರೆ ಅದು ಚೆನ್ನಾಗಿ ಕಾಣೋದು ಕೆಳಗೆ ನಿಂತವರಿಗೆ, ವೇದಿಕೆಯ ಮುಂದೆ ಕೂತವರಿಗಲ್ಲ.

ಹಾಗಾಗಿ ನನಗೆ ಭಾಷಣದ ನಾಯಕರಿಗಿಂತ ಬಳ್ಳಾರಿಯ ಹಳೇ ಪಾದ್ರಿಗಳ ಕೆಲಸ ಹೆಚ್ಚು ಹಿಡಿಸುತ್ತೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ನಮ್ಮ ತಾಲ್ಲೂಕುಗಳು ಆಗ ಮದ್ರಾಸ್ ಪ್ರಾಂತದಲ್ಲಿದ್ದವು. ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಅವರು ಎರಡು ದಶಕ ಕೊಟ್ಟರು. ಜೊತೆಗಾರ ವಿಲಿಯಂ ರೀವ್ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ತಂದರು. 1858ರಲ್ಲಿ ಸ್ಯಾಂಡರ್ಸನ್ ಅದನ್ನು ತಿದ್ದಿದರು. 1894ರಲ್ಲಿ ಕಿಟ್ಟೆಲ್ ಅದಕ್ಕಿಂತ ಎಷ್ಟೋ ದೊಡ್ಡದನ್ನು ಕಟ್ಟಿದರು. ಕಿಟ್ಟೆಲ್ಲರನ್ನೂ ಮರಿಯಪ್ಪ ಭಟ್ಟರು ಪರಿಷ್ಕರಿಸಿದರು. ಇವರೆಲ್ಲ ಸಂತರು ಅಂತಲ್ಲ. ಪಾದ್ರಿಗಳು ಬಂದದ್ದು ಮತಪ್ರಚಾರಕ್ಕೆ, ಕಂಪನಿ ಸರಕಾರದ ನೆರಳಿನಲ್ಲಿ. ಆ ಜಗಳ ಇರಲಿ. ಆದರೆ ನಿಘಂಟಿನಲ್ಲಿ "ನನ್ನ ಹೃದಯ ನೋಡಿ" ಅಂತ ತಪ್ಪಿಸಿಕೊಳ್ಳೋಕಾಗಲ್ಲ. ಅರ್ಥ ತಪ್ಪಿದ್ದರೆ ಮುಂದಿನವನು ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಾನೆ. ನಾವು ಕೋಡ್ ರಿವ್ಯೂ ಅಂತೀವಲ್ಲ, ಅದೇ. ಎಷ್ಟೇ ಸೀನಿಯರ್ ಆದರೂ ಇನ್ನೊಬ್ಬರ ಕಣ್ಣು ಬೀಳದೆ ಕೋಡ್ ಮರ್ಜ್ ಆಗಬಾರದು.

ಮುಂದಿನ ಸಲ ಆಫೀಸಿನಲ್ಲೋ ಚರ್ಚಿನಲ್ಲೋ ಮಠದಲ್ಲೋ ಯಾರಾದರೂ ನಾಯಕರ ದೊಡ್ಡ ಹೃದಯ ಹೊಗಳಿದರೆ ಎರಡು ಪ್ರಶ್ನೆ ಕೇಳಿ. ಇವರ ಮುಂದೆ ಕುರಿಮರಿಯ ಕಥೆ ಹೇಳೋರು ಯಾರು? ಹೇಳಿದ ಮೇಲೆ ಅವರ ಕೆಲಸ ಉಳಿಯುತ್ತಾ?

ದಾವೀದನ ಆಸ್ಥಾನದಲ್ಲಿ ಉಳಿಯಿತು. ತಪ್ಪು ಒಪ್ಪಿಕೊಂಡ ರಾಜ ನಾತಾನನನ್ನು ಓಡಿಸಲಿಲ್ಲ. ಮುಪ್ಪಿನಲ್ಲಿ, ಪಟ್ಟ ಯಾರಿಗೆ ಅನ್ನೋ ಪ್ರಶ್ನೆ ಎದ್ದಾಗಲೂ ಅವನ ಎದುರು ಬಂದು ಮಾತಾಡಿದವನು ಅದೇ ನಾತಾನ. ಬತ್ಷೆಬೆಯಲ್ಲಿ ದಾವೀದನಿಗೆ ಹುಟ್ಟಿದ ಮಕ್ಕಳಲ್ಲಿ ಒಬ್ಬನ ಹೆಸರೂ ನಾತಾನ.