ದನಿ ಒಬ್ಬಳದು, ಮುಖ ಇನ್ನೊಬ್ಬಳದು

ಡಿಸ್ಕೊ ಎಂಬ ಮಾತು ಕನ್ನಡದ ಸಾಂಸ್ಕೃತಿಕ ಬರವಣಿಗೆಯಲ್ಲಿ ಬಹುಮಟ್ಟಿಗೆ ಬೈಗುಳವಾಗಿಯೇ ಉಳಿದಿದೆ. ಗದ್ದಲಕ್ಕೆ ಅದೇ ಹೆಸರು, ಹುಸಿ ಆಧುನಿಕತೆಗೆ ಅದೇ ಹೆಸರು, ಮಿರಿಮಿರಿ ಮಿಂಚುವ ಅಂಗಿಗೂ ಅದೇ ಹೆಸರು. ಮೌಲವಿಗಳು ಅದನ್ನು ಬೈದರು, ಸಂಗೀತದ ಪಂಡಿತರು ಬೈದರು, ಪ್ರಗತಿಪರರು ಬಂಡವಾಳಶಾಹಿಯ ಕಸವೆಂದು ಬೈದರು. ಬೇರೆ ಯಾವ ವಿಷಯದಲ್ಲೂ ಒಂದಾಗದ ಈ ಮೂವರು ಒಂದೇ ಮಾತನ್ನು ಆಡುತ್ತಿದ್ದರೆ ನಾವು ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ಹಾಗೆ ನೋಡಿದಾಗ ನಮಗೆ ಕಂಡದ್ದು ಗದ್ದಲವಲ್ಲ. ಹೆಣ್ಣಿನ ದನಿಯನ್ನು ಅವಳ ಮೈಯಿಂದ ಬೇರ್ಪಡಿಸಿ ಮಾರುವ ಒಂದು ವ್ಯವಸ್ಥೆ, ಮತ್ತು ಆ ವ್ಯವಸ್ಥೆಯೊಳಗೆ ಹೆಸರಿಗಾಗಿ ಸೆಣಸಿದ ಕೆಲವು ಗಾಯಕಿಯರು.

ಮೊದಲು ಟೀನಾ ಚಾರ್ಲ್ಸ್. 1954ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವಳು. ಹದಿಹರೆಯದಿಂದಲೇ ಸ್ಟುಡಿಯೊಗಳಲ್ಲಿ ಕೂಲಿ ಹಾಡುಗಾರ್ತಿ. ಕೂಲಿ ಎಂಬ ಮಾತನ್ನು ನಾವು ತಿಳಿದೇ ಬಳಸುತ್ತಿದ್ದೇವೆ. ಇಂಥವರಿಗೆ ಹಾಡಿದ್ದಕ್ಕೆ ಹಣ ಸಿಗುತ್ತದೆ, ತಟ್ಟೆಯ ಮೇಲೆ ಹೆಸರು ಬರುವುದಿಲ್ಲ. 1975ರಲ್ಲಿ '5000 ವೋಲ್ಟ್ಸ್' ಎಂಬ ತಂಡದ 'ಐ ಆ್ಯಮ್ ಆನ್ ಫೈರ್' ಬ್ರಿಟನ್ನಿನಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು. ಹಾಡಿದವಳು ಟೀನಾ. ಟಿವಿಯಲ್ಲಿ ತುಟಿ ಆಡಿಸಿದವಳು ಲುವಾನ್ ಪೀಟರ್ಸ್ ಎಂಬ ನಟಿ. ಜನ ಆ ಮುಖಕ್ಕೆ ಈ ದನಿಯನ್ನು ಸೇರಿಸಿ ಮೆಚ್ಚಿದರು.

ಅವಳನ್ನು ಆ ಕತ್ತಲೆಯಿಂದ ಹೊರಗೆ ತಂದವನು ನಮ್ಮ ನಾಡಿನವನು ಎಂಬುದು ಕನ್ನಡದವರಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ! ಬಿಡ್ಡು ಅಪ್ಪಯ್ಯ ಕೊಡವ ಮನೆತನದವನು, ಹುಟ್ಟಿದ್ದು ಬೆಂಗಳೂರಿನಲ್ಲಿ. ಅಲ್ಲಿ 'ಟ್ರೋಜನ್ಸ್' ಎಂಬ ತಂಡ ಕಟ್ಟಿಕೊಂಡು ಇಂಗ್ಲಿಷ್ ಹಾಡು ಹಾಡುತ್ತಿದ್ದ ಹುಡುಗ ಅರವತ್ತರ ದಶಕದ ಕೊನೆಯ ಹೊತ್ತಿಗೆ ಲಂಡನ್ ಸೇರಿ, ಸಣ್ಣಪುಟ್ಟ ಕೆಲಸ ಮಾಡಿ, ನಿಧಾನವಾಗಿ ಸ್ಟುಡಿಯೊಗಳ ಒಳಹೊಕ್ಕ. 1974ರಲ್ಲಿ ಜಮೈಕಾ ಮೂಲದ ಕಾರ್ಲ್ ಡಗ್ಲಾಸ್ ಹಾಡಿದ 'ಕುಂಗ್ ಫೂ ಫೈಟಿಂಗ್' ಬಿಡ್ಡುವಿನ ತಯಾರಿಕೆ. ತಟ್ಟೆಯ ಹಿಂಬದಿಗೆಂದು ಸಮಯ ಉಳಿದಾಗ ಮಾಡಿದ ಹಾಡು ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೆ ಹೋಯಿತು. ಕೊಡಗಿನ ಮನೆತನದ ಒಬ್ಬ, ಜಮೈಕಾದ ಒಬ್ಬ, ಚೀನಾದ ಕುಸ್ತಿಯ ಮೇಲೆ ಹಾಡು ಕಟ್ಟಿ ಇಂಗ್ಲಿಷರನ್ನು ಕುಣಿಸಿದ್ದು ತಮಾಷೆಯೇ ಸರಿ.

ಬಿಡ್ಡು ಟೀನಾಳಿಗೆ ಹಾಡು ಕೊಟ್ಟ, ಜೊತೆಗೆ ಅವಳ ಹೆಸರನ್ನೂ ಕೊಟ್ಟ. 1976ರ ಮಾರ್ಚಿನಲ್ಲಿ 'ಐ ಲವ್ ಟು ಲವ್' ಮೂರು ವಾರ ಬ್ರಿಟನ್ನಿನ ಮೊದಲ ಸ್ಥಾನದಲ್ಲಿತ್ತು. ಈ ಹಾಡನ್ನು ಕುಣಿತಕ್ಕೆ ಮಾತ್ರ ಎಂದು ತಳ್ಳಿಹಾಕುವವರು ಅದರ ವಿಷಯವನ್ನು ಕೇಳಿಸಿಕೊಂಡಿಲ್ಲ. ಅದು ಡಿಸ್ಕೊದ ಮೇಲೆಯೇ ಒಂದು ದೂರು: ಹುಡುಗಿಗೆ ಪ್ರೀತಿ ಬೇಕು, ಅವಳ ಗೆಳೆಯನಿಗೆ ಕುಣಿತ ಬೇಕು. ಕುಣಿಸುವ ತಾಳದ ಮೇಲೆ ಕುಣಿತಕ್ಕೆ ಸೋತವಳ ಅಳಲನ್ನು ಕೂರಿಸಿದ್ದಾರೆ. ಟೀನಾಳ ಕಂಠ ಎದೆಯಿಂದ ನೇರವಾಗಿ ಬರುವ, ನಾಜೂಕಿಲ್ಲದ ಗಟ್ಟಿ ಕಂಠ. ಪಿಟೀಲುಗಳ ಹಿಂಡು ಎಷ್ಟು ಮೇಲೆ ಹಾರಿದರೂ ಅವಳ ದನಿ ಮುಳುಗುವುದಿಲ್ಲ. ಅದೇ ವರ್ಷ 'ಡಾನ್ಸ್ ಲಿಟಲ್ ಲೇಡಿ ಡಾನ್ಸ್', 'ಡಾಕ್ಟರ್ ಲವ್' ಬಂದವು. ಎರಡೂ ಗೆದ್ದವು. ನಮ್ಮ ಅಭಿಪ್ರಾಯದಲ್ಲಿ ಅವು ಮೊದಲಿನದರ ನಕಲುಗಳು. ಬಿಡ್ಡು ತನಗೆ ಸಿಕ್ಕ ಸೂತ್ರವನ್ನು ಹಿಂಡಿದ, ಟೀನಾ ಹಾಡಿದಳು. 1978ರಲ್ಲಿ ಇನ್ನೊಂದು ಹಾಡು ಓಡಿತು, ಆಮೇಲೆ ಬ್ರಿಟನ್ನಿನ ಪಟ್ಟಿಯಿಂದ ಅವಳು ಜಾರಿದಳು. 1979ರ ಜುಲೈಯಲ್ಲಿ ಶಿಕಾಗೊದ ಮೈದಾನವೊಂದರಲ್ಲಿ ಜನ ಡಿಸ್ಕೊ ತಟ್ಟೆಗಳನ್ನು ರಾಶಿ ಹಾಕಿ ಸಿಡಿಸಿದರು. ಕರಿಯರ, ಹೆಂಗಸರ, ವಲಸಿಗರ ಸಂಗೀತಕ್ಕೆ ಅಂಥ ಬೆಂಕಿ ಬಿದ್ದದ್ದು ಬರೀ ಅಭಿರುಚಿಯ ಪ್ರಶ್ನೆಯಾಗಿರಲಿಲ್ಲ.

ಟೀನಾಳ ಹಿಂದೆ ಬಾಸ್ ಗಿಟಾರು ನುಡಿಸುತ್ತಿದ್ದ ಟ್ರೆವರ್ ಹಾರ್ನ್ ಎಂಬ ಹುಡುಗ ಅದೇ 1979ರಲ್ಲಿ 'ಬಗಲ್ಸ್' ಎಂಬ ಹೆಸರಿನಲ್ಲಿ 'ವಿಡಿಯೊ ಕಿಲ್ಡ್ ದಿ ರೇಡಿಯೊ ಸ್ಟಾರ್' ತಂದ. ದನಿಯಿಂದ ಬದುಕಿದವರನ್ನು ಚಿತ್ರ ಕೊಂದಿತು ಎಂಬುದೇ ಆ ಹಾಡಿನ ವಿಷಯ. 'ಬೋನಿ ಎಂ' ತಂಡದಲ್ಲಿ ಬಾಬಿ ಫ್ಯಾರೆಲ್ ವೇದಿಕೆಯ ಮೇಲೆ ಕುಣಿದರೆ ತಟ್ಟೆಯಲ್ಲಿದ್ದ ಗಂಡು ದನಿ ಜರ್ಮನಿಯ ತಯಾರಕ ಫ್ರಾಂಕ್ ಫೇರಿಯನ್‌ನದು. ಆದರೆ ಫೇರಿಯನ್ ದನಿಗೂ ದುಡ್ಡಿಗೂ ತಾನೇ ಯಜಮಾನ. ಟೀನಾ ಯಾವುದಕ್ಕೂ ಆಗಿರಲಿಲ್ಲ.

ಇದೆಲ್ಲ ದೂರದ ಯುರೋಪಿನ ಕತೆ, ಚಿಕ್ಕೋಡಿ, ರಾಯಬಾಗ, ಅಥಣಿಯವರಾದ ನಮಗೇಕೆ ಎಂದು ಕೇಳಬಹುದು. ನಮ್ಮ ನೆಲದಲ್ಲಿ ದನಿ ಮತ್ತು ಮುಖದ ಜಗಳ ಡಿಸ್ಕೊಗಿಂತ ಹಳೆಯದು. ಕಾಗವಾಡ ದಾಟಿದರೆ ಮಿರಜ. ಶಿಕಲಗಾರ ಮನೆತನದ ಮುಸ್ಲಿಂ ಕುಶಲಿಗಳು ಆಯುಧ ಬಿಟ್ಟು ಸಿತಾರ, ತಂಬೂರಿ ಮಾಡಲು ಕೂತ ಊರು. ಉಸ್ತಾದ್ ಅಬ್ದುಲ್ ಕರೀಮ್ ಖಾನರು ನೆಲೆಸಿದ್ದು, 1937ರಲ್ಲಿ ತೀರಿದ ಮೇಲೆ ಮಣ್ಣಾದದ್ದು ಅಲ್ಲಿಯ ದರ್ಗಾದ ಆವರಣದಲ್ಲಿ. ಅವರ ಮಗಳು ಹೀರಾಬಾಯಿ ಬಡೋದೆಕರ್ 1905ರಲ್ಲಿ ಮಿರಜದಲ್ಲೇ ಹುಟ್ಟಿ, ಮರ್ಯಾದಸ್ಥ ಹೆಣ್ಣು ಸಾರ್ವಜನಿಕ ಕಛೇರಿಯಲ್ಲಿ ಕೂತು ಹಾಡುವುದನ್ನು ರೂಢಿಗೆ ತಂದವರಲ್ಲಿ ಮೊದಲಿಗರು. ಅವರು ಮುಖ ತೋರಿಸಿದರು. ಆದರೆ ಆ ಹೆಸರಿನಲ್ಲಿ ತಂದೆಯ ಗುರುತು ಉಳಿಯಲಿಲ್ಲ. ಈ ಕಡೆ ಶ್ರೀಕೃಷ್ಣ ಪಾರಿಜಾತದಲ್ಲಿ ಕೌಜಲಗಿ ನಿಂಗಮ್ಮ ದನಿ, ಮೈ ಎರಡನ್ನೂ ಆಟದ ಕಣಕ್ಕೆ ತಂದಳು. ಹಾಗೆ ಬಂದ ಹೆಣ್ಣುಮಕ್ಕಳನ್ನು ಊರು ರಾತ್ರಿ ಮೆಚ್ಚಿತು, ಹಗಲು ಹಳಿಯಿತು.

ಬಿಜಾಪುರ ಸೀಮೆಯ ಬೀಳಗಿಯ ಅಮೀರಬಾಯಿ ಕರ್ನಾಟಕಿಯವರನ್ನು ಮರೆಯುವಂತಿಲ್ಲ. 1943ರ 'ಕಿಸ್ಮತ್' ಚಿತ್ರದಲ್ಲಿ ತೆರೆಯ ಮೇಲಿನ ಮುಖ ಮುಮ್ತಾಜ್ ಶಾಂತಿಯದು, ಕಂಠ ಅಮೀರಬಾಯಿಯದು. 1949ರ 'ಮಹಲ್' ಹಾಡಿನ ತಟ್ಟೆಯ ಮೇಲೆ ಮೊದಲಿಗೆ ಲತಾ ಮಂಗೇಶಕರ್ ಹೆಸರೂ ಇರಲಿಲ್ಲ, ಪಾತ್ರದ ಹೆಸರಾದ ಕಾಮಿನಿ ಎಂದಿತ್ತು. ಲುವಾನ್ ಪೀಟರ್ಸ್ ತುಟಿ ಆಡಿಸಿದ್ದಕ್ಕೆ ಯುರೋಪನ್ನು ಆಡಿಕೊಳ್ಳಲು ನಮಗೆ ಹಕ್ಕಿಲ್ಲ. ಅಮೀರಬಾಯಿ ತೀರಿಕೊಂಡದ್ದು 1965ರಲ್ಲಿ. ಅದೇ ವರ್ಷ ಏಪ್ರಿಲ್ 3ರಂದು ಕರಾಚಿಯಲ್ಲಿ ನಾಜಿಯಾ ಹಸನ್ ಹುಟ್ಟಿದಳು. ಇದು ಕಾಕತಾಳೀಯ, ಅಷ್ಟೇ. ಆದರೂ ಹೇಳಬೇಕೆನಿಸಿತು.

ನಾಜಿಯಾ ಬೆಳೆದದ್ದು ಕರಾಚಿ ಮತ್ತು ಲಂಡನ್ನಿನಲ್ಲಿ. ಫಿರೋಜ್ ಖಾನ್ ತಮ್ಮ 'ಕುರ್ಬಾನಿ'ಗೆ ಒಂದು ಹೊಸ ದನಿ ಹುಡುಕುತ್ತಿದ್ದಾಗ ಶಾಲೆ ಓದುವ ಈ ಹುಡುಗಿ ಸಿಕ್ಕಳು. ಚಿತ್ರದ ಉಳಿದ ಹಾಡುಗಳು ಕಲ್ಯಾಣ್‌ಜಿ ಆನಂದ್‌ಜಿಯವರವು. 'ಆಪ್ ಜೈಸಾ ಕೋಯಿ' ಮಾತ್ರ ಬಿಡ್ಡುವಿನದು, ಇಂದೀವರ್ ಬರೆದದ್ದು, ಲಂಡನ್ನಿನಲ್ಲಿ ಧ್ವನಿಮುದ್ರಣಗೊಂಡದ್ದು. 1980ರಲ್ಲಿ ಚಿತ್ರ ಬಂತು. ಅದರ ಹಾಡಿಗಾಗಿ ಫಿಲಂಫೇರ್ ಪ್ರಶಸ್ತಿ ಹದಿನೈದು ದಾಟಿದ ಹುಡುಗಿಗೆ ಹೋಯಿತು. ಆದರೆ ತೆರೆಯ ಮೇಲಿನ ಮುಖ ಜೀನತ್ ಅಮಾನ್. ಟೀನಾಳಿಗೆ 1975ರಲ್ಲಿ ಆದದ್ದೇ ಇಲ್ಲಿ ಮರ್ಯಾದೆಯ ಹೆಸರಿನಲ್ಲಿ, ಹಿನ್ನೆಲೆ ಗಾಯನವೆಂದು ಆಯಿತು.

ಮರುವರ್ಷ ಈ ಲೆಕ್ಕ ತಲೆಕೆಳಗಾಯಿತು. 1981ರ 'ಡಿಸ್ಕೊ ದೀವಾನೆ' ಯಾವ ಚಿತ್ರದ್ದೂ ಅಲ್ಲ. ನಾಯಕಿಯಿಲ್ಲ, ತುಟಿ ಆಡಿಸುವವರಿಲ್ಲ. ನಾಜಿಯಾ ಮತ್ತು ತಮ್ಮ ಜೊಹೇಬ್ ಹಾಡಿದರು, ತಾವೇ ಕಾಣಿಸಿಕೊಂಡರು. ಹಿಂದಿ-ಉರ್ದು ಜನಪ್ರಿಯ ಗಾಯನದಲ್ಲಿ ದನಿಗೆ ತನ್ನದೇ ಮುಖ ಸಿಕ್ಕಿತು. ಅಕ್ಕ-ತಮ್ಮ ಜೊತೆಯಾಗಿ ಹಾಡಿದ್ದು ನಮ್ಮ ಮನೆಗಳ ಹಿರಿಯರ ಬಾಯಿಯನ್ನು ಅರ್ಧ ಮುಚ್ಚಿಸಿತು. ಪ್ರೇಮಗೀತೆಯನ್ನು ಪರಗಂಡಿನ ಜೊತೆ ಹಾಡಿದ್ದರೆ ಆ ಕ್ಯಾಸೆಟ್ಟು ನಿಪ್ಪಾಣಿಯ ಎಷ್ಟೋ ಮುಸ್ಲಿಂ ಮನೆಗಳ ಹೊಸ್ತಿಲು ದಾಟುತ್ತಿರಲಿಲ್ಲ. ಬಾಯಿ ಎಂಬ ಬಾಲಂಗೋಚಿಯಿಲ್ಲದೆ, ಓದಿನ ನಡುವೆ, ಮನೆಮಗಳಾಗಿಯೇ ಉಳಿದು ಹಾಡಬಹುದು ಎಂಬುದನ್ನು ಅವಳು ತೋರಿಸಿದಳು.

ಗಾಯನವೆಂದು ತೂಗಿದರೆ ನಾಜಿಯಾಳದ್ದು ದೊಡ್ಡ ಕಂಠವಲ್ಲ. ಮೂಗಿನಿಂದ ತುಸು ಬರುವ, ತೆಳುವಾದ, ತರಬೇತಿಯಿಲ್ಲದ ದನಿ. ಮಿರಜದ ತಂಬೂರಿಯ ಮುಂದೆ ಅದು ನಿಲ್ಲಲಾರದು. ಟೀನಾಳ ಗಟ್ಟಿತನದ ಕಾಲುಪಾಲೂ ಇಲ್ಲ. ಬಿಡ್ಡು ಆ ತೆಳುವನ್ನು ಪ್ರತಿಧ್ವನಿಯಿಂದ, ಪದರ ಪದರವಾಗಿ ಧ್ವನಿಮುದ್ರಿಸಿ ಮುಚ್ಚಿದ. ಆದರೆ ಅದರ ಆಕರ್ಷಣೆ ಇರುವುದೂ ಆ ತೆಳುವಿನಲ್ಲೇ ಎಂದು ನಾವು ತಿಳಿಯುತ್ತೇವೆ. ನಮ್ಮ ಮನೆಗಳಲ್ಲಿ ಹಳದಿಯ ರಾತ್ರಿ ಖಾಲಾ, ಫುಫ್ಫು, ಆಪಾ ಎಲ್ಲ ಕೂಡಿ ಢೋಲಕ್ ಬಡಿಯುತ್ತ ಹಾಡುವ ದಖನಿ ಹಾಡುಗಳ ದನಿ ಹೀಗೆಯೇ ಇರುತ್ತದೆ. ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ಚಕ್ಕಿನಾಮಾಗಳದ್ದೂ ಇದೇ ದನಿಯಾಗಿರಬೇಕು. ಲತಾರಂತೆ ಹಾಡಲು ಯಾರಿಗೂ ಬರುವುದಿಲ್ಲ, ನಾಜಿಯಾಳಂತೆ ಹಾಡಲು ಎಲ್ಲರಿಗೂ ಬರುತ್ತದೆ. ಪಂಡಿತರಿಗೆ ಇದು ದೋಷ. ಅಡಿಗೆಮನೆಯಲ್ಲಿ ಹಾಡಿಕೊಳ್ಳುವ ಹುಡುಗಿಗೆ ಅದೇ ಪರವಾನಗಿ. ತಾಳದ ಮಾತೂ ಅಷ್ಟೇ. ಡಿಸ್ಕೊದ ಸಮನಾದ ನಾಲ್ಕು ಪೆಟ್ಟು ಹಲಗಿ, ಕರಡಿ ಮಜಲು ಕೇಳಿದ ಕಿವಿಗೆ ಹೊಸದೇನಲ್ಲ.

ಆದರೂ ಆ ಹುಡುಗಿಯರು ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ಕಾಲೇಜಿನ ಗ್ಯಾದರಿಂಗ್‌ನಲ್ಲಿ ಈ ಹಾಡುಗಳಿಗೆ ಕುಣಿದದ್ದು ಹುಡುಗರು. ಇಲ್ಲಿ ನಾಜಿಯಾಳ ಮೇಲೆ ನಮಗೊಂದು ತಕರಾರಿದೆ, ಅವಳ ಮೇಲೆ ಎನ್ನುವುದಕ್ಕಿಂತ ಅವಳನ್ನು ಬಿಡುಗಡೆಯ ಸಂಕೇತವೆಂದು ಮೆರೆಸುವವರ ಮೇಲೆ. ಅವಳ ಹಿಂದೆ ಉಳ್ಳವರ ಮನೆಯಿತ್ತು, ಲಂಡನ್ನಿತ್ತು, ಕಾನೂನು ಪದವಿಯಿತ್ತು, ಮುಂದೆ ವಿಶ್ವಸಂಸ್ಥೆಯ ಕೆಲಸವೂ ಬಂತು. ಹಾಡು ಅವಳಿಗೆ ಅನ್ನವಾಗಿರಲಿಲ್ಲ. ಟೀನಾಳಿಗೆ ಆಗಿತ್ತು. ಅಮೀರಬಾಯಿಗೂ ಆಗಿತ್ತು.

ಅದೇ 1981ರ ನಿಪ್ಪಾಣಿಯನ್ನು ನೆನೆಯೋಣ. ಶರದ್ ಜೋಶಿಯವರ ಮುಂದಾಳುತನದಲ್ಲಿ ತಂಬಾಕಿನ ರೈತರು ಪುಣೆ-ಬೆಂಗಳೂರು ಹೆದ್ದಾರಿಯನ್ನು ತಡೆದು ಕೂತರು, ಏಪ್ರಿಲ್ಲಿನಲ್ಲಿ ಗೋಲಿಬಾರಾಗಿ ರೈತರು ಸತ್ತರು. ಬೆಳೆಗಾರರ ಹೋರಾಟದ ಸುದ್ದಿ ದೇಶಕ್ಕೆಲ್ಲ ಹೋಯಿತು. ಆ ತಂಬಾಕನ್ನು ವಖಾರಗಳಲ್ಲಿ ಜರಡಿ ಹಿಡಿದು, ಧೂಳು ಕುಡಿಯುತ್ತಿದ್ದ ಹೆಣ್ಣಾಳುಗಳೂ ಅದೇ ಕಾಲದಲ್ಲಿ ಸಂಘ ಕಟ್ಟಿದ್ದರು. 'ಯುಗಾಂತರ' ಎಂಬ ಹೆಣ್ಣುಮಕ್ಕಳ ಚಿತ್ರತಂಡ, ದೀಪಾ ಧನರಾಜ್ ಮತ್ತು ಗೆಳತಿಯರು, 1982ರಲ್ಲಿ ಅವರ ಜೊತೆ ಸೇರಿ 'ತಂಬಾಖು ಚಾಕಿಲಾ ಊಬ ಆಲೀ' ಎಂಬ ಕಪ್ಪುಬಿಳಿ ಚಿತ್ರ ಮಾಡಿತು. ಅಲ್ಲಿ ಹೆಂಗಸರು ತಮ್ಮ ಬದುಕನ್ನು ತಾವೇ ಆಡಿ ತೋರಿಸಿದ್ದಾರೆ, ತಾವೇ ಮಾತಾಡಿದ್ದಾರೆ. ದನಿಯೂ ಅವರದೇ, ಮುಖವೂ ಅವರದೇ. ಹಾಡಿನ ವಿಮರ್ಶೆಯ ನಡುವೆ ಈ ಚಿತ್ರವನ್ನು ಎಳೆದು ತರುವುದು ಕೆಲವರಿಗೆ ಒಗ್ಗದಿರಬಹುದು. ಆದರೆ 'ಡಿಸ್ಕೊ ದೀವಾನೆ'ಯ ಮರುವರ್ಷ ನಮ್ಮದೇ ಊರಿನ ಹೆಂಗಸರು ತೆರೆಯ ಮೇಲೆ ಗಳಿಸಿದ್ದನ್ನು ನಾವು ನಾಜಿಯಾಳ ಪಕ್ಕದಲ್ಲೇ ಇಟ್ಟು ನೋಡಬೇಕು. ಆ ಚಿತ್ರವನ್ನು ಕಾಪಾಡಲು ಮುಂದೆ ಕೈಹಾಕಿದ್ದು ಬರ್ಲಿನ್ನಿನ ಸಂಸ್ಥೆ. ನಿಪ್ಪಾಣಿ ಕರ್ನಾಟಕದ್ದೋ ಮಹಾರಾಷ್ಟ್ರದ್ದೋ ಎಂದು 1967ರ ಮಹಾಜನ ವರದಿಯಿಂದ ಈಚೆಗೆ ಜಗಳವಾಡುತ್ತ ಬಂದ ಎರಡೂ ಕಡೆಯವರಿಗೆ ನಿಪ್ಪಾಣಿಯ ಹೆಂಗಸರ ಚಿತ್ರ ಯಾರದ್ದೆಂದು ಜಗಳವಾಡಬೇಕೆನಿಸಲಿಲ್ಲ.

ನಾಜಿಯಾಳ ಮುಂದಿನ ದಾರಿ ಇಳಿಜಾರು. 1982ರ 'ಸ್ಟಾರ್' ಚಿತ್ರ ಓಡಲಿಲ್ಲ, ಹಾಡು ಓಡಿದವು. 1984ರ 'ಯಂಗ್ ತರಂಗ್' ಚೆನ್ನಾಗಿದೆ. 1987ರ 'ಹಾಟ್‌ಲೈನ್'ನಲ್ಲಿ ಸುಸ್ತು ಕೇಳಿಸುತ್ತದೆ. 1992ರ 'ಕ್ಯಾಮೆರಾ ಕ್ಯಾಮೆರಾ' ಕೊನೆಯದು. 2000ದ ಆಗಸ್ಟ್ 13ರಂದು, ಮೂವತ್ತೈದರ ಹರೆಯದಲ್ಲಿ, ಲಂಡನ್ನಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಳು. ಟೀನಾಳ ಹಳೆಯ ಹಾಡು ಎಂಬತ್ತರ ದಶಕದ ಕೊನೆಯಲ್ಲಿ ರೀಮಿಕ್ಸ್ ಆಗಿ ಯುರೋಪಿನಲ್ಲಿ ಮತ್ತೆ ಓಡಿತು. ಬಿಡ್ಡು 1995ರಲ್ಲಿ ಅಲೀಶಾ ಚಿನಾಯ್‌ಗೆ 'ಮೇಡ್ ಇನ್ ಇಂಡಿಯಾ' ಮಾಡಿದ, ಅದೇ ಹೆಸರಿನಲ್ಲಿ 2010ರಲ್ಲಿ ಆತ್ಮಕತೆ ತಂದ. ಗಾಯಕಿಯರು ಬದಲಾದರು, ತಯಾರಕ ಉಳಿದ.

2012ರಲ್ಲಿ 'ಸ್ಟೂಡೆಂಟ್ ಆಫ್ ದಿ ಇಯರ್' ಎಂಬ ಹಿಂದಿ ಚಿತ್ರ ನಾಜಿಯಾಳ ದನಿಯ ತುಣುಕನ್ನು ತೆಗೆದು ಹೊಸ ಹಾಡಿಗೆ ಸೇರಿಸಿಕೊಂಡಿತು. ಹೆಸರಿನ ಪಟ್ಟಿಯಲ್ಲಿ ಅವಳಿದ್ದಾಳೆ. ತೆರೆಯ ಮೇಲೆ ಕುಣಿಯುವವಳು ಆಲಿಯಾ ಭಟ್. ಈಗ ನಮ್ಮ ಕಡೆಯ ಮದುವೆಗಳಲ್ಲಿ ಬೆಂಜೊ ಪಾರ್ಟಿಯವರು ಆ ಧಾಟಿ ಎತ್ತಿದರೆ ಹುಡುಗರು ಅದನ್ನು ಆಲಿಯಾಳ ಹಾಡು ಎನ್ನುತ್ತಾರೆ.