ಸೊನ್ನೆ ಕೊಡುವ ಸುಳ್ಳು ಸಮಾಧಾನ

ಲಿನಕ್ಸ್ ಆಡಳಿತದ ಕೆಲಸಕ್ಕೆ ಸಂದರ್ಶನ ಕೊಡುವವರು ಬಾಯಿಪಾಠ ಮಾಡಿಕೊಳ್ಳುವ ಉತ್ತರಗಳಲ್ಲಿ ಇದೂ ಒಂದು: ನೆಟ್‌ವರ್ಕ್ ಮೇಲೆ ಫೈಲು ಹಂಚುವ ಎನ್‌ಎಫ್‌ಎಸ್ ನಿಧಾನವಾದರೆ ಮೊದಲು ಅದರ ಅಂಕಿಅಂಶ ತೋರಿಸುವ ಎನ್‌ಎಫ್‌ಎಸ್‌ಸ್ಟ್ಯಾಟ್ ಹಾಕಿ ನೋಡಬೇಕು. ರೋಣ, ನರಗುಂದ, ಗಜೇಂದ್ರಗಡದ ಕಡೆಯಿಂದ ಬೆಂಗಳೂರಿನ ಕೆಲಸ ಹುಡುಕಿ ಹೊರಟ ಹುಡುಗರೂ ಈ ಉತ್ತರವನ್ನು ಕಟ್ಟಿಕೊಂಡೇ ಬಸ್ಸು ಹತ್ತುತ್ತಾರೆ. ಉತ್ತರ ತಪ್ಪೆಂದು ಯಾರೂ ಹೇಳುವುದಿಲ್ಲ. ಆದರೆ ಆ ಕಮಾಂಡಿಗೆ ಇರುವ ಹೆಸರಿಗೂ ಅದು ಮಾಡುವ ಕೆಲಸಕ್ಕೂ ತಾಳೆಯಾಗುವುದಿಲ್ಲ.

ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ಎನ್‌ಎಫ್‌ಎಸ್ ತಂದ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಮರುವರ್ಷ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಅಲ್ಲಿಂದ ಬೆಳೆದ ಚಿಪ್ ವಿನ್ಯಾಸದ ಉದ್ಯಮ ಎನ್‌ಎಫ್‌ಎಸ್ ಅನ್ನು ಇವತ್ತಿಗೂ ಬಿಟ್ಟಿಲ್ಲ. ನೂರಾರು ಯಂತ್ರಗಳು ಒಂದೇ ಸಂಗ್ರಹದ ಫೈಲುಗಳನ್ನು ಓದುತ್ತ, ಬರೆಯುತ್ತ ರಾತ್ರಿಯಿಡೀ ಸಿಮ್ಯುಲೇಷನ್ ನಡೆಸುತ್ತವೆ. ಅಲ್ಲಿ ಒಂದು ಮೌಂಟ್ ತಡವರಿಸಿದರೆ ಇಡೀ ತಂಡ ಕೈಕಟ್ಟಿ ಕೂರಬೇಕು. ಆಗ ಟಿಕೆಟ್ ಬರುತ್ತದೆ. ಟಿಕೆಟ್ಟಿಗೆ ಉತ್ತರವಾಗಿ ಯಾರೋ ಎನ್‌ಎಫ್‌ಎಸ್‌ಸ್ಟ್ಯಾಟ್‌ನ ಫಲಿತಾಂಶ ಅಂಟಿಸಿ, 'ರೀಟ್ರಾನ್ಸ್ ಸೊನ್ನೆ ಇದೆ, ನೆಟ್‌ವರ್ಕ್ ಸರಿಯಿದೆ' ಎಂದು ಬರೆಯುತ್ತಾರೆ.

ತಕರಾರು ಇರುವುದು ಆ ಸೊನ್ನೆಯ ಬಗ್ಗೆ.

ಕ್ಲೈಂಟ್ ಕಡೆಯ ಅಂಕಿಗಳನ್ನು ಕೇಳಿದರೆ ಲಿನಕ್ಸ್‌ನಲ್ಲಿ ಮೊದಲು ಮೂರು ಸಂಖ್ಯೆ ಬರುತ್ತವೆ: ಕಾಲ್ಸ್, ರೀಟ್ರಾನ್ಸ್, ಆಥ್‌ರಿಫ್ರೆಶ್. ಒಟ್ಟು ಕರೆಗಳಲ್ಲಿ ಮತ್ತೆ ಕಳಿಸಿದವು, ಅಂದರೆ ರೀಟ್ರಾನ್ಸ್, ನೂರಕ್ಕೆ 5 ದಾಟಿದರೆ ತೊಂದರೆ ಇದೆಯೆನ್ನುವುದು ಸನ್ ಕಾಲದಿಂದ ಬಂದ ಸೂತ್ರ. ಆಗಿನ ಎನ್‌ಎಫ್‌ಎಸ್ ಯುಡಿಪಿ ಮೇಲೆ ಓಡುತ್ತಿತ್ತು. ಪ್ಯಾಕೆಟ್ ಕಳೆದರೆ ಅದನ್ನು ಮತ್ತೆ ಕಳಿಸುವ ಹೊಣೆ ಎನ್‌ಎಫ್‌ಎಸ್ ಕೋರಿಕೆಗಳನ್ನು ಸಾಗಿಸುವ ಆರ್‌ಪಿಸಿಯದೇ ಆಗಿದ್ದರಿಂದ ತಂತಿಯ ಏಟೆಲ್ಲ ಆ ಕೌಂಟರಿನಲ್ಲಿ ಬೀಳುತ್ತಿತ್ತು. ಜೊತೆಗೆ ಸೋಲಾರಿಸ್‌ನಲ್ಲಿ ಬ್ಯಾಡ್‌ಎಕ್ಸ್‌ಐಡಿ ಎಂಬ ಇನ್ನೊಂದು ಅಂಕಿಯೂ ಇತ್ತು. ಒಂದೇ ಕೋರಿಕೆಗೆ ಎರಡು ಉತ್ತರ ಬಂದರೆ ಅದು ಏರುತ್ತಿತ್ತು. ಎರಡೂ ಸಮಸಮವಾಗಿ ಏರಿದರೆ ಸರ್ವರ್ ನಿಧಾನ, ರೀಟ್ರಾನ್ಸ್ ಮಾತ್ರ ಏರಿದರೆ ದಾರಿಯಲ್ಲಿ ಪ್ಯಾಕೆಟ್ ಸಾಯುತ್ತಿದೆ ಎಂದು ಓದಬಹುದಾಗಿತ್ತು. ಸೊಗಸಾದ ಲೆಕ್ಕ. ಲಿನಕ್ಸ್‌ನ ಫಲಿತಾಂಶದಲ್ಲಿ ಆ ಎರಡನೆಯ ಅಂಕಿಯೇ ಇಲ್ಲ, ಆದರೂ ಸೂತ್ರ ಹಾಗೇ ಉಳಿದಿದೆ.

ಅದಕ್ಕಿಂತ ದೊಡ್ಡ ಬದಲಾವಣೆ ಕೆಳಗಿನ ಪದರದಲ್ಲಾಯಿತು. ಈಗ ಬಹುಮಟ್ಟಿಗೆ ಎಲ್ಲವೂ ಟಿಸಿಪಿ. 2020ರ 5.6 ಕರ್ನೆಲ್‌ನಿಂದ ಲಿನಕ್ಸ್ ಕ್ಲೈಂಟ್ ಯುಡಿಪಿಯನ್ನು ಡೀಫಾಲ್ಟ್ ಆಗಿ ಮುಚ್ಚಿಟ್ಟಿದೆ. ಕಳೆದ ಪ್ಯಾಕೆಟ್ಟನ್ನು ಟಿಸಿಪಿ ತಾನೇ ಮತ್ತೆ ಕಳಿಸುತ್ತದೆ, ಮೇಲಿನ ಆರ್‌ಪಿಸಿಗೆ ಸುದ್ದಿಯೂ ಮುಟ್ಟುವುದಿಲ್ಲ. ಆರ್‌ಪಿಸಿ ಕಾಯುವ ಡೀಫಾಲ್ಟ್ ಅವಧಿ 600 ಡೆಸಿಸೆಕೆಂಡ್, ಅಂದರೆ ಪೂರಾ ಒಂದು ನಿಮಿಷ. ಪ್ರತಿ ಓದಿಗೂ 20 ಸೆಕೆಂಡ್ ಹಿಡಿಯುವ ಮೌಂಟಿನಲ್ಲೂ ರೀಟ್ರಾನ್ಸ್ ಸೊನ್ನೆಯಾಗಿಯೇ ಇರಬಲ್ಲದು. ಎನ್‌ಎಫ್‌ಎಸ್ 4ರಲ್ಲಂತೂ ಸಂಪರ್ಕ ಮುರಿಯದ ಹೊರತು ಕ್ಲೈಂಟ್ ಕೋರಿಕೆಯನ್ನು ಮತ್ತೆ ಕಳಿಸಲೇಬಾರದು ಎಂಬುದು ನಿಯಮ. ನೆಟ್‌ವರ್ಕ್ ತಂಡಕ್ಕೆ ಖುಲಾಸೆ ಕೊಡಲು ಬಳಸುವ ಅಂಕಿ ನೆಟ್‌ವರ್ಕಿನ ಬಗ್ಗೆ ಹೆಚ್ಚುಕಡಿಮೆ ಏನನ್ನೂ ಹೇಳುತ್ತಿಲ್ಲ.

ಇನ್ನು ಸಂಖ್ಯೆಗಳ ವಯಸ್ಸು. ಇವೆಲ್ಲ ಯಂತ್ರ ಬೂಟ್ ಆದಂದಿನಿಂದ ಕೂಡುತ್ತ ಬಂದ ಮೊತ್ತಗಳು, ಅದೂ ಎಲ್ಲ ಮೌಂಟ್‌ಗಳದೂ ಸೇರಿ. ಈ ಹಂಗಾಮಿನಲ್ಲಿ ಮಲಪ್ರಭೆಯಿಂದ ಒಟ್ಟು ಎಷ್ಟು ನೀರು ಬಿಟ್ಟರೆಂದು ಕೇಳಿ, ರೋಣದ ಕಾಲುವೆ ಕೊನೆಯ ಹೊಲಕ್ಕೆ ಇವತ್ತು ನೀರು ಬಂತೋ ಇಲ್ಲವೋ ಎಂದು ತೀರ್ಮಾನಿಸಿದಂತಾಯಿತು. ಎರಡು ಗಳಿಗೆಗಳ ನಡುವಿನ ವ್ಯತ್ಯಾಸ ತೋರಿಸುವ ಸಿನ್ಸ್ ಎಂಬ ಆಯ್ಕೆ ಇದೆ, ನಿಜ. ಆದರೆ ಐದು ಸರ್ವರ್ ಮೌಂಟ್ ಆಗಿದ್ದರೆ ಯಾವುದು ಕೈಕೊಟ್ಟಿತು ಎಂಬುದು ಆ ವ್ಯತ್ಯಾಸದಲ್ಲೂ ಕಾಣುವುದಿಲ್ಲ.

ನ್ಯಾಯಕ್ಕೆ ಒಂದು ಮಾತು. ಗೆಟ್‌ಆಟ್ರ್ ಎಷ್ಟು, ರೀಡ್ ಎಷ್ಟು ಎಂಬ ಪಾಲುಪಟ್ಟಿ ಉಪಯುಕ್ತ. ಮೌಂಟ್ ನಿಜಕ್ಕೂ ಯಾವ ಆಯ್ಕೆಗಳಲ್ಲಿ ಕೂತಿದೆ ಎಂದು ತೋರಿಸುವ ಎಂ ಆಯ್ಕೆ ಇನ್ನೂ ಉಪಯುಕ್ತ.

ಎನ್‌ಎಫ್‌ಎಸ್‌ಸ್ಟ್ಯಾಟ್ ಹಳೆಯ ಕಾಲದ್ದು, ಈಗ ಡ್ಯಾಶ್‌ಬೋರ್ಡ್ ಸಾಕು ಎನ್ನುವ ಹೊಸ ಟೀಕಾಕಾರರಿದ್ದಾರೆ. ಇವರ ಜೊತೆಗಿನ ಜಗಳ ಬೇರೆಯೇ. ಇಂಥ ಡ್ಯಾಶ್‌ಬೋರ್ಡ್‌ಗಳಿಗೆ ಅಂಕಿ ಒದಗಿಸುವ ಪ್ರಾಮಿಥಿಯಸ್‌ನ ನೋಡ್ ಎಕ್ಸ್‌ಪೋರ್ಟರ್‌ನಲ್ಲಿ ತಾನಾಗಿ ಚಾಲೂ ಇರುವ ಎನ್‌ಎಫ್‌ಎಸ್ ಸಂಗ್ರಾಹಕ ಓದುವುದು ಎನ್‌ಎಫ್‌ಎಸ್‌ಸ್ಟ್ಯಾಟ್ ಓದುವ ಅದೇ ಪ್ರಾಕ್ ಫೈಲನ್ನು. ಅದೇ ಮೂರು ಸಂಖ್ಯೆ, ಈಗ ಬಣ್ಣದ ಗೆರೆಯಾಗಿ. ಪ್ರತಿ ಮೌಂಟಿನ ವಿವರ ಕೊಡುವ ಮೌಂಟ್‌ಸ್ಟ್ಯಾಟ್ಸ್ ಸಂಗ್ರಾಹಕ ಅದೇ ಸಲಕರಣೆಯಲ್ಲಿದ್ದರೂ ಡೀಫಾಲ್ಟ್ ಆಗಿ ಬಂದ್. ಗೋಡೆ ತುಂಬ ಪರದೆ ತೂಗುಹಾಕಿದವರಲ್ಲಿ ಎಷ್ಟು ಜನ ಅದನ್ನು ಚಾಲೂ ಮಾಡಿದ್ದಾರೆ? ಇನ್ನು ಕೆಲವರು ಸರ್ವರ್ ಕಡೆ ಹೋಗಿ, ಥ್ರೆಡ್‌ಗಳು ಎಷ್ಟು ಹೊತ್ತು ತುಂಬಿದ್ದವು ಎಂಬ ಹಿಸ್ಟೊಗ್ರಾಮ್ ನೋಡಿ ಥ್ರೆಡ್ ಸಂಖ್ಯೆ ಏರಿಸಿ ಎಂದು ಈಗಲೂ ಉಪದೇಶಿಸುತ್ತಾರೆ. ಆ ಹಿಸ್ಟೊಗ್ರಾಮನ್ನು ಕರ್ನೆಲ್ ಬರೆಯುವುದನ್ನು ಬಿಟ್ಟು ವರ್ಷಗಳೇ ಆದವು. ಅಲ್ಲಿ ಉಳಿದಿರುವುದು ಸೊನ್ನೆಗಳ ಸಾಲು.

ಹೆಸರು ಸಿಗಬೇಕಾದದ್ದು ಚಕ್ ಲೀವರ್ ಬರೆದ ಎನ್‌ಎಫ್‌ಎಸ್‌ಐಒಸ್ಟ್ಯಾಟ್‌ಗೆ. ಅದು ಮೌಂಟ್ ಮೌಂಟಿಗೂ ಎರಡು ಕಾಲ ಹೇಳುತ್ತದೆ: ಕೋರಿಕೆ ಹೊರಟು ಉತ್ತರ ಬರಲು ಹಿಡಿದ ಮಿಲಿಸೆಕೆಂಡ್, ಮತ್ತು ಕ್ಲೈಂಟಿನ ಸರದಿಯಲ್ಲಿ ಕಾದದ್ದೂ ಸೇರಿದ ಒಟ್ಟು ಮಿಲಿಸೆಕೆಂಡ್. ಮೊದಲನೆಯದು ಚಿಕ್ಕದಿದ್ದು ಎರಡನೆಯದು ದೊಡ್ಡದಾದರೆ ಕೋರಿಕೆಗಳು ನಿಮ್ಮ ಯಂತ್ರದಲ್ಲೇ ಸಾಲುಗಟ್ಟಿ ನಿಂತಿವೆ. ಮೊದಲನೆಯದೇ ದೊಡ್ಡದಾದರೆ ಸರ್ವರನ್ನೋ ದಾರಿಯನ್ನೋ ಹಿಡಿಯಬೇಕು. ಟಿಕೆಟ್ ಬರೆದವರು ಕೇಳಿದ್ದು ಇದನ್ನೇ. ಎನ್‌ಎಫ್‌ಎಸ್‌ಸ್ಟ್ಯಾಟ್ ಬರುವ ಪ್ಯಾಕೇಜಿನಲ್ಲೇ ಹಲವು ಲಿನಕ್ಸ್ ವಿತರಣೆಗಳಲ್ಲಿ ಇದೂ ಬರುತ್ತದೆ, ಅಲ್ಲಿ ಬೇರೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ.